ಕಲಾಚಿಕಿತ್ಸೆ

ಮಾತಿನ ಹಿಡಿತಕ್ಕೆ ಸುಲಭವಾಗಿ ಸಿಕ್ಕದ ಶೋಕ, ಭಯ, ಲಜ್ಜೆ, ಕ್ರೋಧ ಮೊದಲಾದ ಭಾವಗಳನ್ನು ಚಿತ್ರಲೇಖನ, ಮಣ್ಣಿನ ಕೆಲಸ, ಗಾನ, ನರ್ತನ, ಅಭಿನಯ, ಕಥನ, ಕಾವ್ಯರಚನೆ ಇವುಗಳ ಮುಖಾಂತರ ಹೊರಗಿಟ್ಟು, ಶಿಕ್ಷಣ ಪಡೆದ ಚಿಕಿತ್ಸಕರ ಸಮ್ಮುಖದಲ್ಲಿ ಅವನ್ನು ಅವಲೋಕಿಸಿ, ಅವುಗಳೊಡನೆ ಬಾಳುವ ಶಕ್ತಿಯನ್ನು ಸಂಪಾದಿಸಿಕೊಳ್ಳಲು ನೆರವಾಗುವ ಮನಶ್ಚಿಕಿತ್ಸೆಯ ಒಂದು ಶಾಖೆ. ಕೃತಿಯ ಚೆಲುವಾಗಲಿ ಕರ್ತೃವಿನ ಕೌಶಲವಾಗಲಿ ಇಲ್ಲಿ ಪರಿಗಣನೆಗೆ ಬರತಕ್ಕದ್ದಲ್ಲ. ಎಂದೂ ಕುಂಚ ಹಿಡಿಯದವರೂ, ಹಾಡಲು ನಾಚುವವರೂ, ಅಕ್ಷರವನ್ನೇ ಅರಿಯದವರೂ ಇದರ ಪ್ರಯೋಜನಕ್ಕೆ ಸಮಾನವಾಗಿ ಅಧಿಕಾರಿಗಳು. ಶಾಲೆಯ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು, ಸಂತೆಯ ಭಾಷೆ ಮತ್ತೊಂದು ಆಗಿರುವ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮುಂತಾದ ತೆಲಂಗಾಣದ ಗಡಿಸೀಮೆಗೆ ಈ ಚಿಕಿತ್ಸೆ ಏನನ್ನು ಕೊಡಬಲ್ಲದು, ಆ ಸೀಮೆಯಿಂದ ಏನನ್ನು ಕಲಿಯಬೇಕಾಗಿದೆ ಎಂಬುದು ಪ್ರಸ್ತುತ ಲೇಖನದ ಮುಖ್ಯ ವಿಷಯ.

ಸಾಮಾನ್ಯ ಮನಶ್ಚಿಕಿತ್ಸೆಯಲ್ಲಿ ಚಿಕಿತ್ಸಕ ಮತ್ತು ದುಃಖಿತ ವ್ಯಕ್ತಿ ಎಂಬ ಇಬ್ಬರು ಮಾತ್ರ ಎದುರೆದುರು ಕುಳಿತಿರುತ್ತಾರೆ. ಕಲಾಚಿಕಿತ್ಸೆಯಲ್ಲಾದರೋ ಇವರಿಬ್ಬರ ನಡುವೆ ಮೂರನೆಯದಾಗಿ ಒಂದು ಕೃತಿ ಬಂದು ನಿಲ್ಲುತ್ತದೆ, ಮತ್ತು ಈ ಪದ್ಧತಿಯ ಗುಣವೆಲ್ಲ ಬಹುಮಟ್ಟಿಗೆ ಆ ಮೂರನೆಯದರ ಉಪಸ್ಥಿತಿಯಲ್ಲಿಯೇ ಅಡಗಿದೆ. ತನ್ನ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ‘ನನಗೆ ಹೀಗಾಗಿದೆ’ ಎಂದು ನೇರವಾಗಿ ಹೇಳಲಾರದೆ ಹೋದಾಗ, ತಾನು ಮಣ್ಣಿನಲ್ಲಿ ಮಾಡಿದ ಖಾಲಿ ತೊಟ್ಟಿಲನ್ನು ತೋರಿಸಿ ‘ಇದು ಹೀಗಿದೆ’ ಎಂದು ಹೇಳಬಲ್ಲಳು. ದುಃಖ ಅವಳದೇ ಆಗಿದ್ದರೂ ಆ ಕ್ಷಣಕ್ಕೆ ಅದು ಅವಳಿಂದ ಒಂದು ಮೊಳ ದೂರದಲ್ಲಿರುತ್ತದೆ, ಮತ್ತು ಆ ದೂರವಿರುವುದರಿಂದಲೇ ಅವಳು ಅದನ್ನು ನೋಡಬಲ್ಲಳು. ಈ ದೂರ ಅತಿಯಾದರೆ ಕೆಲಸ ಬರಿಯ ಹವ್ಯಾಸವಾಗುತ್ತದೆ, ಇಲ್ಲವೇ ಇಲ್ಲವಾದರೆ ಹಳೆಯ ಆಘಾತ ಮತ್ತೆ ಮೈಮೇಲೆ ಬೀಳುತ್ತದೆ. ಇವೆರಡರ ನಡುವಣ ಹದವನ್ನು ಕಾಯುವುದು ಚಿಕಿತ್ಸಕರ ಮೊದಲ ಕರ್ತವ್ಯ.

ಹದವನ್ನು ಕಾಯುವ ಒಂದು ಉಪಾಯ ಸಾಮಗ್ರಿಯ ಆಯ್ಕೆ. ಸಾಂಡ್ರಾ ಕೇಗಿನ್ ಮತ್ತು ವಿಯಾ ಲ್ಯೂಸ್‌ಬ್ರಿಂಕ್ ಎಂಬ ಅಮೆರಿಕದ ವಿದುಷಿಯರು 1978ರಲ್ಲಿ ಪ್ರತಿಪಾದಿಸಿದ ಸೋಪಾನಕ್ರಮದ ಪ್ರಕಾರ ನೀರುಬಣ್ಣ, ಹಸಿಮಣ್ಣು ಮುಂತಾದ ಹರಿಯುವ ದ್ರವ್ಯಗಳು ಭಾವವನ್ನು ಬೇಗ ಕಲಕುತ್ತವೆ. ಸೀಸದ ಕಡ್ಡಿ, ಕತ್ತರಿಸಿ ಅಂಟಿಸುವ ಕಾಗದ, ಮರದ ತುಂಡು ಮುಂತಾದ ಗಟ್ಟಿ ದ್ರವ್ಯಗಳು ಅದನ್ನು ಕಟ್ಟಿನಲ್ಲಿಡುತ್ತವೆ. ಆದುದರಿಂದ ನಿದ್ದೆಗೆಟ್ಟು ಬೆದರಿ ಬಂದವರಿಗೆ ಮೊದಲ ದಿನವೇ ಹಸಿಮಣ್ಣಿನ ಮುದ್ದೆಯನ್ನು ಕೈಗೆ ಕೊಡುವುದು ವಿವೇಕವಲ್ಲ; ಬಹುಕಾಲ ಕಣ್ಣೀರನ್ನೇ ಕಾಣದೆ ಮರಗಟ್ಟಿದವರಿಗೆ ಅದೇ ಮಣ್ಣು ಉಪಕಾರಿಯಾದೀತು. ಭೇಟಿಯ ಆರಂಭದಲ್ಲಿ ದೇಹವನ್ನು ಸಡಿಲಗೊಳಿಸುವ ಸಣ್ಣ ಕೆಲಸ, ನಡುವೆ ರಚನೆ, ಬಳಿಕ ಇಬ್ಬರೂ ಕೂಡಿ ಮೌನವಾಗಿ ನೋಡುವುದು, ಅನಂತರ ಮಾತು, ಕೊನೆಗೆ ಕೃತಿಯನ್ನು ಎಲ್ಲಿಡಬೇಕು, ಮನೆಗೆ ಒಯ್ಯಬೇಕೆ, ಮುಚ್ಚಿಡಬೇಕೆ ಎಂಬ ನಿರ್ಣಯ: ಸಾಮಾನ್ಯವಾಗಿ ಕ್ರಮ ಹೀಗೆ ಸಾಗುತ್ತದೆ. ಆ ಕೊನೆಯ ನಿರ್ಣಯವನ್ನು ಲಘುವಾಗಿ ಭಾವಿಸತಕ್ಕದ್ದಲ್ಲ. ತನ್ನ ದುಃಖವನ್ನು ಎಲ್ಲಿ ಇಡಬೇಕೆಂದು ತಾನೇ ತೀರ್ಮಾನಿಸುವ ಅಧಿಕಾರ ಅನೇಕರಿಗೆ ಬದುಕಿನಲ್ಲಿ ಮೊದಲ ಬಾರಿಗೆ ದೊರೆಯುವುದು ಅಲ್ಲಿಯೇ.

ಪಾಶ್ಚಾತ್ಯ ದೇಶಗಳಲ್ಲಿ ಈ ಶಾಖೆ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ರೂಪುಗೊಂಡಿತು. ವಿಯೆನ್ನಾದಲ್ಲಿ ಜೇಕಬ್ ಮೊರೆನೊ 1921ರಲ್ಲಿ ಆರಂಭಿಸಿದ ಆಶುನಾಟಕದ ಪ್ರಯೋಗಗಳು ಮನೋನಾಟಕವಾಗಿ ಬೆಳೆದುವು. ಕ್ಷಯರೋಗದ ಆರೋಗ್ಯಧಾಮದಲ್ಲಿದ್ದ ಆಂಗ್ಲ ಚಿತ್ರಕಾರ ಏಡ್ರಿಯನ್ ಹಿಲ್ 1942ರಲ್ಲಿ ಕಲಾಚಿಕಿತ್ಸೆ ಎಂಬ ಹೆಸರನ್ನು ಬಳಕೆಗೆ ತಂದನು. ಅದೇ ವರ್ಷ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯಲ್ಲಿ ಮೇರಿಯನ್ ಚೇಸ್ ಮನೋರೋಗಿಗಳೊಡನೆ ನರ್ತನವನ್ನು ತೊಡಗಿಸಿದಳು. ಮಾರ್ಗರೆಟ್ ನೌಮ್‌ಬರ್ಗ್ ಚಿತ್ರವನ್ನು ಅಚೇತನ ಮನಸ್ಸಿನ ವಾಣಿಯೆಂದು ಓದಿದರೆ, ಎಡಿತ್ ಕ್ರೇಮರ್ ರಚನೆಯ ಕ್ರಿಯೆಯಲ್ಲಿಯೇ ಶಮನವಿದೆ ಎಂದಳು. ಈ ವಿವಾದ ಇಂದಿಗೂ ಮುಗಿದಿಲ್ಲ. ಎರಡನೆಯ ಮತವೇ ಈ ಲೇಖಕನಿಗೆ ಹೆಚ್ಚು ಒಪ್ಪಿಗೆಯಾದುದು.

ನಮ್ಮಲ್ಲಿ ನಾಟ್ಯಶಾಸ್ತ್ರವೂ ಅದರ ವ್ಯಾಖ್ಯಾತೃಗಳೂ ಶೋಕವೆಂಬ ಸ್ಥಾಯಿಭಾವ ಕರುಣರಸವಾಗಿ ಪರಿಣಮಿಸುವ ಬಗೆಯನ್ನು ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ಭಟ್ಟನಾಯಕನ ಸಾಧಾರಣೀಕರಣದ ವಿಚಾರ ಮೇಲೆ ಹೇಳಿದ ದೂರದ ತತ್ತ್ವಕ್ಕೆ ಸಮೀಪವಾದುದು. ಆದರೆ ಅವರ ಲಕ್ಷ್ಯ ಸಹೃದಯನ ಆಸ್ವಾದವೇ ಹೊರತು ರೋಗಿಯ ಉಪಶಮನವಲ್ಲವಾದ್ದರಿಂದ, ಕಲಾಚಿಕಿತ್ಸೆಯನ್ನು ಭರತಮುನಿಯೇ ಕಂಡುಹಿಡಿದನೆಂದು ಹೇಳುವುದು ಶಾಸ್ತ್ರಕ್ಕೂ ನ್ಯಾಯವಲ್ಲ, ಚಿಕಿತ್ಸೆಗೂ ಹಿತವಲ್ಲ.

ಜಹೀರಾಬಾದ್ ಮತ್ತು ನಾರಾಯಣಖೇಡ ಹೈದರಾಬಾದು ಸಂಸ್ಥಾನದ ಬೀದರ ಜಿಲ್ಲೆಗೂ, ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದುವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಭಾಗಗಳು ಆಂಧ್ರಪ್ರದೇಶಕ್ಕೆ ಹೋದುವು. 2016ರಿಂದೀಚೆಗೆ ಮೊದಲೆರಡು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿಯೂ ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿಯೂ ಇವೆ. ಕನ್ನಡ, ತೆಲುಗು, ದಖನಿ, ಲಂಬಾಣಿ, ಮರಾಠಿಗಳು ಒಂದೇ ಓಣಿಯಲ್ಲಿ ಕೇಳಿಬರುವ ಈ ಸೀಮೆಯಲ್ಲಿ ತೊಗರಿ, ಜೋಳ, ಹತ್ತಿಗಳ ಒಣಬೇಸಾಯ, ತಾಂಡೂರಿನ ಸುತ್ತಣ ಕಲ್ಲುಗಣಿಗಳ ದುಡಿಮೆ, ದೂರದ ನಗರಗಳಿಗೆ ಹೋಗುವ ಗುಳೆ ಇವೇ ಬದುಕಿನ ಆಧಾರಗಳು. ಮಳೆ ಕೈಕೊಟ್ಟ ವರ್ಷದ ಸಾಲ, ಗುಳೆ ಹೋದವರ ಹಿಂದೆ ಮನೆಯಲ್ಲುಳಿದ ಮುದುಕರ ಮತ್ತು ಮಕ್ಕಳ ಏಕಾಂತ, ಇವು ಇಲ್ಲಿಯ ದುಃಖದ ಸಾಮಾನ್ಯ ಮುಖಗಳು.

ಇಂತಹ ದುಃಖ ವೈದ್ಯರ ಮುಂದೆ ಬರುವಾಗ ಖಿನ್ನತೆ ಎಂಬ ಹೆಸರನ್ನು ಹೊತ್ತು ಬರುವುದಿಲ್ಲ. ಎದಿ ಭಾರ ಆಗ್ಯದ, ಕೈಕಾಲು ಸೋಲತಾವ, ಜೀವಕ್ಕ ಸಮಾಧಾನ ಇಲ್ಲ ಎಂದು ಅದು ಶರೀರದ ಮೂಲಕವೇ ನುಡಿಯುತ್ತದೆ. ಮನೆಯಲ್ಲಿ ಕನ್ನಡವನ್ನಾಡಿ ಶಾಲೆಯಲ್ಲಿ ತೆಲುಗನ್ನೋ ಉರ್ದುವನ್ನೋ ಕಲಿತ ವ್ಯಕ್ತಿ, ತೆಲುಗು ಮಾತ್ರ ಬಲ್ಲ ಆಪ್ತಸಲಹೆಗಾರರ ಮುಂದೆ ತನ್ನ ಒಳಗಿನ ಮಾತನ್ನು ಶಾಲೆಯ ಭಾಷೆಗೆ ತಿರುಗಿಸಿ ಹೇಳಬೇಕಾದಾಗ, ದುಃಖದ ಅರ್ಧಾಂಶ ಹೇಳದೆಯೇ ಉಳಿಯುತ್ತದೆ. ಇಲ್ಲಿಯೇ ರೇಖೆಗೆ, ರಾಗಕ್ಕೆ, ಹೊಲಿಗೆಗೆ, ತಾಳಕ್ಕೆ ಅವಕಾಶವಿರುವುದು. ಕಾಗದ ಬಣ್ಣಗಳನ್ನು ಪರಕೀಯವೆಂದು ಕಾಣುವ ಹೆಂಗಸಿಗೆ ಕೌದಿಯ ಹೊಲಿಗೆ ಪರಕೀಯವಲ್ಲ: ತೀರಿಹೋದವರ ಹಳೆಯ ಧೋತರ, ಸೀರೆಗಳ ತುಂಡುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಇದು ಯಾರದು, ಯಾವ ಹಬ್ಬಕ್ಕೆ ತಂದದ್ದು ಎಂದು ಹೇಳುತ್ತ ಕೂಡಿಸುವ ಕೆಲಸದಲ್ಲಿ ಸ್ಮರಣೆಯೂ ಕ್ರಮವೂ ತಾವಾಗಿ ಬರುತ್ತವೆ. ನಾರಾಯಣಖೇಡ, ತಾಂಡೂರುಗಳ ಸುತ್ತಲಿನ ತಾಂಡಾಗಳಲ್ಲಿ ಲಂಬಾಣಿ ಕಸೂತಿ ಅದೇ ಸ್ಥಾನವನ್ನು ಪಡೆಯಬಹುದು.

ಈ ನಾಡಿನ ಜನ ತಮ್ಮ ಶೋಕಕ್ಕೆ ಕಲೆಯ ಆಶ್ರಯವನ್ನು ಎಂದೂ ತಪ್ಪಿಸಿದವರಲ್ಲ. ಸತ್ತವರ ಗುಣಗಳನ್ನು ಹೇಳಿಕೊಂಡು ರಾಗವಾಗಿ ಹಾಡಿ ಅಳುವ ರೂಢಿ ಉತ್ತರದ ಕನ್ನಡ ಜಿಲ್ಲೆಗಳಲ್ಲಿಯೂ ತೆಲಂಗಾಣದಲ್ಲಿಯೂ ಉಂಟು. ಮೊಹರಂ ದಿನಗಳಲ್ಲಿ ಅಲಾಯಿ ಎಂಬ ಬೆಂಕಿಗುಂಡಿಯ ಸುತ್ತ ಹಿಂದೂ ಮುಸಲ್ಮಾನರು ಕೂಡಿ ಕರ್ಬಲದ ಶೋಕವನ್ನು ಕನ್ನಡ ಪದಗಳಲ್ಲಿ ಹಾಡುವ ಸಂಪ್ರದಾಯ ಬೀದರ, ಕಲಬುರಗಿ ಸೀಮೆಯಲ್ಲಿ ಬೇರುಬಿಟ್ಟಿದೆ. ಗಂಡನ ಮನೆಯ ಕಷ್ಟ, ತವರಿನ ಹಂಬಲ, ಮಗುವಿನ ಅಗಲಿಕೆ ಇವನ್ನೆಲ್ಲ ಮನುಷ್ಯರಿಗೆ ಹೇಳಲಾರದ ಸೊಸೆಯಂದಿರು ನಸುಕಿನಲ್ಲಿ ಬೀಸುವ ಕಲ್ಲಿಗೆ ಹೇಳಿಕೊಂಡರು. ಹಿಟ್ಟಿನ ಗಿರಣಿ ಬಂದು ಹೆಂಗಸರ ರಟ್ಟೆಗೆ ವಿಶ್ರಾಂತಿ ದೊರೆತುದು ಸಂತೋಷದ ವಿಷಯವೇ. ಆದರೆ ಕಲ್ಲಿನೊಡನೆ, ದುಃಖಕ್ಕೆಂದು ಮೀಸಲಾಗಿದ್ದ ಆ ಒಂದು ಗಳಿಗೆಯೂ ಮನೆಯಿಂದ ಹೋಯಿತು, ಅದರ ಸ್ಥಾನಕ್ಕೆ ಬೇರೊಂದು ಬರಲಿಲ್ಲ. ಆದರೂ ಈ ರೂಢಿಗಳನ್ನು ಚಿಕಿತ್ಸೆಯೆಂದು ಕರೆಯಲಾಗದು. ಸಾಮೂಹಿಕ ವಿಲಾಪ ಎಲ್ಲರಿಗೂ ಒಪ್ಪಿತವಾದ ದುಃಖಕ್ಕೆ ಮಾತ್ರ ದನಿ ಕೊಡುತ್ತದೆ. ಹೇಳಿದರೆ ಮಾನ ಹೋಗುವ ದುಃಖ, ಅಂದರೆ ಮನೆಯೊಳಗಿನ ಹಿಂಸೆ, ಬಾಲ್ಯದ ಅತ್ಯಾಚಾರ, ಸತ್ತವರ ಮೇಲಿನ ಸಿಟ್ಟು, ಇವುಗಳಿಗೆ ಅಲ್ಲಿ ಸ್ಥಳವಿಲ್ಲ. ಗೋಪ್ಯವನ್ನು ಕಾಯುವ ಚಿಕಿತ್ಸಕರ ಅಗತ್ಯ ಹುಟ್ಟುವುದು ಅಲ್ಲಿಂದಲೇ.

ಜಹೀರಾಬಾದ್ ಸಮೀಪದ ಪಸ್ತಾಪುರವನ್ನು ಕೇಂದ್ರವಾಗಿ ಇರಿಸಿಕೊಂಡು 1983ರಲ್ಲಿ ಸ್ಥಾಪಿತವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳಾ ಸಂಘಗಳ ಕಾರ್ಯ ಈ ಪ್ರಕರಣದಲ್ಲಿ ಸ್ಮರಣೀಯವಾದುದು. ಮೈಸೂರಿನಲ್ಲಿ ಜನಿಸಿ, ದೂರದರ್ಶನದ ನಿರ್ಮಾಪಕರಾಗಿದ್ದು, ಆ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ (ಮರಣ 2023) ಅವರ ಪ್ರೋತ್ಸಾಹದಿಂದ ಅಕ್ಷರ ಬಾರದ ರೈತ ಹೆಂಗಸರು ಕ್ಯಾಮೆರಾ ಹಿಡಿದು ಚಿತ್ರಗಳನ್ನು ಮಾಡಿದರು. ಮಾಚನೂರಿನಲ್ಲಿ 2008ರ ಅಕ್ಟೋಬರಿನಿಂದ ಸಂಘಂ ರೇಡಿಯೊ ಎಂಬ ಸಮುದಾಯ ಬಾನುಲಿ ಕೇಂದ್ರವನ್ನು ನಡೆಸಿದರು. ವಾರಂಗಲ್ಲಿನ ಬಿಟಿ ಹತ್ತಿ ಬೆಳೆಗಾರರ ಬಳಿಗೆ ಹೋಗಿ ಅವರ ನಷ್ಟವನ್ನೂ ಕ್ರೋಧವನ್ನೂ ಇವರು ದಾಖಲಿಸಿದ ಚಿತ್ರ ದೇಶಾಂತರಗಳಲ್ಲಿ ಪ್ರದರ್ಶಿತವಾಯಿತು. ಈ ಸಂಘಗಳ ಕಾರ್ಯದ ಉದ್ದೇಶ ಕೃಷಿ ಮತ್ತು ಸ್ವಾಭಿಮಾನವೇ ಹೊರತು ಮನೋರೋಗದ ಶಮನವಲ್ಲ, ಹಾಗೆ ಅವರು ಹೇಳಿಕೊಂಡದ್ದೂ ಇಲ್ಲ. ಆದರೂ ತಮ್ಮ ಮಾತಿಗೆ ಬೆಲೆಯಿಲ್ಲವೆಂದು ಪೀಳಿಗೆಗಳಿಂದ ನಂಬಿಸಲ್ಪಟ್ಟವರ ದನಿ ತಮ್ಮದೇ ನುಡಿಗಟ್ಟಿನಲ್ಲಿ ಬಾನುಲಿಯಿಂದ ಹೊರಟಾಗ ಆಗುವ ಪರಿವರ್ತನೆಯನ್ನು ಮನಶ್ಚಿಕಿತ್ಸಕರು ಕಣ್ಣಿಟ್ಟು ಅಭ್ಯಸಿಸಬೇಕು.

ಕರ್ನಾಟಕದಲ್ಲಿ ಕಲಾಚಿಕಿತ್ಸೆಯ ನೆಲೆ ಮುಖ್ಯವಾಗಿ ಬೆಂಗಳೂರು. ಅಲ್ಲಿಯ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸಂಗೀತ ಮತ್ತು ಮಿದುಳಿನ ಸಂಬಂಧವನ್ನು ಶೋಧಿಸುವ ಪ್ರಯೋಗಾಲಯವಿದೆ. ನರ್ತನ ಚಿಕಿತ್ಸೆಯನ್ನು ಭಾರತದಲ್ಲಿ ರೂಢಿಸಿದವರಲ್ಲಿ ತ್ರಿಪುರಾ ಕಶ್ಯಪ್ ಅವರ ಹೆಸರು ಮುಖ್ಯವಾದುದು. ಮೈಸೂರಿನ ರಂಗಾಯಣದ ಹುಲುಗಪ್ಪ ಕಟ್ಟಿಮನಿಯವರು ಸೆರೆಮನೆಯ ಬಂದಿಗಳಿಂದ ಗಿರೀಶ ಕಾರ್ನಾಡರ ‘ತಲೆದಂಡ’ ಮುಂತಾದ ನಾಟಕಗಳನ್ನು ಆಡಿಸಿದುದು ಚಿಕಿತ್ಸೆಯ ಹೆಸರಿನಲ್ಲಿ ಅಲ್ಲದಿದ್ದರೂ, ಪಶ್ಚಾತ್ತಾಪದಂತಹ ಕಠಿಣ ಭಾವಕ್ಕೆ ಪಾತ್ರವೊಂದರ ಆವರಣ ದೊರೆತಾಗ ಏನು ಸಾಧ್ಯವೆಂಬುದಕ್ಕೆ ನಿದರ್ಶನ.

ಫಲದ ವಿಷಯದಲ್ಲಿ ಅತ್ಯುಕ್ತಿ ಕೂಡದು. ಸ್ಕಿಝೋಫ್ರೇನಿಯ ಪೀಡಿತರಾದ 417 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಗುಂಪು ಕಲಾಚಿಕಿತ್ಸೆಯಿಂದ ಸಾಮಾನ್ಯ ಆರೈಕೆಗಿಂತ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ. ಖಿನ್ನತೆಯಲ್ಲಿ ಸಂಗೀತ ಚಿಕಿತ್ಸೆಯನ್ನು ಕುರಿತ 9 ಅಧ್ಯಯನಗಳನ್ನು, ಅಂದರೆ 421 ಮಂದಿಯ ಅನುಭವವನ್ನು, 2017ರಲ್ಲಿ ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ವಿಮರ್ಶೆ, ರೂಢಿಯ ಚಿಕಿತ್ಸೆಯೊಡನೆ ಸಂಗೀತ ಸೇರಿದಾಗ ಅಲ್ಪಾವಧಿಯಲ್ಲಿ ಹೆಚ್ಚು ಗುಣವಾಗುತ್ತದೆ ಎಂದು ಕಂಡಿತು. ದುಃಖವನ್ನು ಬರೆದುಕೊಳ್ಳುವುದರ ಪರಿಣಾಮವನ್ನು ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಸಹೋದ್ಯೋಗಿ 1986ರಲ್ಲಿ ಪರೀಕ್ಷಿಸಿದಾಗ, ಬರೆದ ಕೂಡಲೆ ವಿದ್ಯಾರ್ಥಿಗಳ ಮನಸ್ಸು ಇನ್ನಷ್ಟು ಕುಗ್ಗಿದುದೂ, ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯಾಲಯಕ್ಕೆ ಹೋಗುವುದು ಕಡಮೆಯಾದುದೂ ಎರಡೂ ಕಂಡುಬಂದುವು. ನೋವು ಮೊದಲು ಏರಿ ಅನಂತರ ಇಳಿಯಬಹುದಾದ ಕಾರಣ, ಒಂದೇ ದಿನದ ಶಿಬಿರವನ್ನು ಮಾಡಿ, ಜನರ ಗಾಯವನ್ನು ತೆರೆಯಿಸಿ, ಮರುದಿನ ಊರು ಬಿಟ್ಟು ಹೋಗುವವರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಕಪ್ಪು ಬಣ್ಣವೆಂದರೆ ಖಿನ್ನತೆ, ಕೆಂಪೆಂದರೆ ಕ್ರೋಧ ಎಂಬಂತಹ ಕೋಷ್ಟಕಗಳಿಂದ ಚಿತ್ರವನ್ನು ಓದುವುದು ಇನ್ನೊಂದು ಅಪಾಯ. ಎರೆಭೂಮಿಯಲ್ಲಿ ಹುಟ್ಟಿ ಬೆಳೆದ ಮಗು ಕಪ್ಪನ್ನು ಬಳಿದರೆ ಅದು ತನ್ನ ಹೊಲವನ್ನೇ ಬರೆದಿರಬಹುದು. ಕೃತಿಯ ಅರ್ಥವನ್ನು ಹೇಳುವ ಅಧಿಕಾರ ಅದನ್ನು ಮಾಡಿದವರದು. ಚಿಕಿತ್ಸಕರು ಕೇಳಬೇಕು, ಕಾಯಬೇಕು.

ಇನ್ನು ಈ ಗಡಿಸೀಮೆಗೆ ದೊರೆಯುವ ಚಿಕಿತ್ಸಾನುಕೂಲಗಳ ಮಾತು. ನಿಜಾಮರ ಕಾಲದ ಮನೋರೋಗಾಲಯ ಜಾಲನಾದಲ್ಲಿದ್ದು 1953ರಲ್ಲಿ ಹೈದರಾಬಾದಿನ ಎರ್ರಗಡ್ಡಕ್ಕೆ ಬಂದಿತು; ಜಹೀರಾಬಾದಿನಿಂದ ಅದಕ್ಕೆ ಸುಮಾರು 100 ಕಿ.ಮೀ., ಬೀದರಕ್ಕೆ ಸುಮಾರು 30 ಕಿ.ಮೀ. ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವನ್ನು ಆಧರಿಸಿ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೊದಲ ಜಿಲ್ಲೆಗಳಲ್ಲಿ, ಜಹೀರಾಬಾದ್, ನಾರಾಯಣಖೇಡ ತಾಲೂಕುಗಳನ್ನು ಆಗ ಒಳಗೊಂಡಿದ್ದ ಮೇದಕವೂ ಒಂದು. 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯಿದೆಯ ಅನುಸೂಚಿಯಲ್ಲಿ ಕಲೆ ಮತ್ತು ನರ್ತನದ ಚಿಕಿತ್ಸಕರಿಗೂ ಸ್ಥಾನ ದೊರೆತಿದೆ. ಇಂತಹ ಚಿಕಿತ್ಸಕರು ಮಹಾನಗರಗಳಿಂದ ಗಡಿಸೀಮೆಗೆ ಬರುವ ತನಕ, ಊರಿನ ಹಾಡು ಹೊಲಿಗೆಗಳನ್ನು ಬಲ್ಲ ಆಶಾ ಕಾರ್ಯಕರ್ತೆಯರಿಗೆ ಪ್ರಾಥಮಿಕ ಶಿಕ್ಷಣವಿತ್ತು, ನಾಲ್ಕಾರು ಹೆಂಗಸರು ವಾರಕ್ಕೊಮ್ಮೆ ಕೂಡುವ ಏರ್ಪಾಡು ಮಾಡುವುದು ಸಾಧ್ಯವಾದ ಕೆಲಸ. ವಾರಗಟ್ಟಲೆ ನಿದ್ದೆಯಿಲ್ಲದವರು, ಸಾವಿನ ಮಾತಾಡುವವರು, ಇಲ್ಲದ ದನಿಗಳನ್ನು ಕೇಳುವವರು ಕಂಡುಬಂದರೆ ಅಲ್ಲಿ ಕಲಾಪ್ರಯೋಗವನ್ನು ಬದಿಗಿಟ್ಟು ಅವರನ್ನು ಮೊದಲು ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು. 2022ರ ಅಕ್ಟೋಬರಿನಿಂದ ಹಗಲಿರುಳು ನಡೆಯುತ್ತಿರುವ ಟೆಲಿ ಮಾನಸ್ ಸೇವೆಯನ್ನು 14416 ಎಂಬ ಸಂಖ್ಯೆಯಲ್ಲಿ ಶುಲ್ಕವಿಲ್ಲದೆ ಪಡೆಯಬಹುದು, ಮತ್ತು ಅಲ್ಲಿ ತೆಲುಗು, ಕನ್ನಡ ಎರಡರಲ್ಲಿಯೂ ಮಾತಾಡುವ ಅನುಕೂಲವಿದೆ.