ಅಂಚೆ: ಕಾನಸೂರು

ನಮ್ಮ ಕಡೆಯ ವಿಳಾಸದಲ್ಲಿ ಮನೆ ನಂಬರು, ರಸ್ತೆ ಎಂದೆಲ್ಲ ಇರುವುದಿಲ್ಲ. ಹೆಸರು, ಅದರ ಕೆಳಗೆ ಹಳ್ಳಿ, ಆಮೇಲೆ 'ಅಂಚೆ: ಕಾನಸೂರು, ತಾ: ಸಿದ್ದಾಪುರ (ಉ.ಕ.)'. ಆ 'ಉ.ಕ.' ಬಿಟ್ಟುಹೋದರೆ ಕಾಗದ ಕೊಡಗಿನ ಸಿದ್ದಾಪುರಕ್ಕೋ ಕುಂದಾಪುರದ ಕಡೆಯ ಸಿದ್ದಾಪುರಕ್ಕೋ ಹೋದೀತು. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. ಆದರೆ ಅದು ಕಾಗದವನ್ನು ತರುವುದು ಅಂಚೆ ಕಚೇರಿಯವರೆಗೆ. ಅಲ್ಲಿಂದ ತೋಟದಾಚೆಯ ಮನೆಗೆ ಮುಟ್ಟಿಸಲು ಹಳ್ಳಿಯ ಹೆಸರೇ ಬೇಕು.

ರೂಟರ್ ಹುಡುಕುವಾಗ ಇದೆಲ್ಲ ನೆನಪಾಯಿತು. ಪಿಎಚ್.ಡಿ.ಗಾಗಿ ಸುತ್ತಲಿನ ಮನೆಗಳ ಹಳೆಯ ಅಡಿಕೆ ಲೆಕ್ಕದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದ್ದೆ. ಕೊಟ್ಟ ಹಿರಿಯರೊಬ್ಬರದು ಒಂದೇ ಷರತ್ತು: ಊರಿನ ಲೆಕ್ಕ ಊರಲ್ಲೇ ಇರಬೇಕು, ಕೇಳಿದವರಿಗೆ ಸಿಗಬೇಕು. ಹಾಗಾಗಿ ನಮ್ಮನೆಯಲ್ಲೇ ಮೂರು ಹಳೆಯ ಕಂಪ್ಯೂಟರು, ಮೂರು ಜಾಲತಾಣ. ಲೆಕ್ಕದ ಪುಸ್ತಕಗಳಿಗೊಂದು, ಯಕ್ಷಗಾನದ ಹಸ್ತಪ್ರತಿಗಳಿಗೊಂದು, ಹಳೆಯ ಫೋಟೋಗಳಿಗೊಂದು. ಮೂರಕ್ಕೂ ಬೇರೆಬೇರೆ ಸಾರ್ವಜನಿಕ ವಿಳಾಸ ಬೇಕು, ಅದಕ್ಕೆ ದುಬಾರಿ ರೂಟರೇ ಆಗಬೇಕು ಎಂದುಕೊಂಡಿದ್ದೆ.

ಈ ವಿಳಾಸಗಳ ಬರ ಹಳೆಯದು. 1981ರಲ್ಲಿ ಗೊತ್ತುಮಾಡಿದ ಲೆಕ್ಕದಲ್ಲಿ ಇರುವುದು ಸುಮಾರು 429 ಕೋಟಿ ವಿಳಾಸ. ಸಾಲದೆಂದು ಬೇಗನೆ ತಿಳಿಯಿತು. ಒಂದು ಹೊರವಿಳಾಸದ ಹಿಂದೆ ಅನೇಕ ಯಂತ್ರಗಳನ್ನು ಕೂರಿಸುವ ನ್ಯಾಟ್ ಉಪಾಯವನ್ನು ಎಗೆವಾಂಗ್ ಮತ್ತು ಫ್ರಾನ್ಸಿಸ್ 1994ರಲ್ಲಿ ಬರೆದಿಟ್ಟರು. ವಿಎಸ್‌ಎನ್‌ಎಲ್ ನಮ್ಮ ದೇಶದ ಜನರಿಗೆ ಇಂಟರ್‌ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ನಾವು ಪಂಕ್ತಿಗೆ ಕೂರುವಷ್ಟರಲ್ಲೇ ಬಡಿಸುವವರು ಕೈ ಬಿಗಿಮಾಡಿದ್ದರು! 2011ರ ಫೆಬ್ರುವರಿ 3ರಂದು ಜಾಗತಿಕ ಉಗ್ರಾಣದ ಕೊನೆಯ ಐದು ಕಟ್ಟುಗಳೂ ಹಂಚಿಹೋದವು.

ನನ್ನನ್ನು ಉಳಿಸಿದ್ದು ಇನ್ನೊಂದು ಸಣ್ಣ ತಿದ್ದುಪಡಿ. ಮೊದಮೊದಲು ಬ್ರೌಸರ್ ಪುಟವನ್ನು ಕೇಳುತ್ತಿತ್ತೇ ಹೊರತು ಯಾವ ತಾಣದ ಪುಟ ಎಂದು ಹೇಳಬೇಕಿರಲಿಲ್ಲ. 1997ರ ಎಚ್‌ಟಿಟಿಪಿ 1.1 'ಹೋಸ್ಟ್' ಎಂಬ ಸಾಲನ್ನು ಕಡ್ಡಾಯ ಮಾಡಿತು. ಎಂದರೆ, ಅಂಚೆಯ ಹೆಸರಿನ ಮೇಲೆ ಹಳ್ಳಿಯ ಹೆಸರು ಬಂತು. ಗೂಢಲಿಪಿಯ ಸಂಪರ್ಕಕ್ಕೂ 2003ರಲ್ಲಿ ಇಂಥದೇ ವ್ಯವಸ್ಥೆಯಾಯಿತು, ಮುಚ್ಚಿದ ಲಕೋಟೆಯ ಹೊರಗೆ ಹಳ್ಳಿ ಬರೆದಂತೆ. ಹಾಗಾದರೆ ವಿಳಾಸ ಒಂದೇ ಸಾಕು. ರೂಟರ್ 80 ಮತ್ತು 443ನೇ ಪೋರ್ಟುಗಳಿಗೆ ಬಂದದ್ದನ್ನು ಒಂದು ಕಂಪ್ಯೂಟರಿಗೆ ದಾಟಿಸಿದರಾಯಿತು. ಅದರಲ್ಲಿರುವ ರಿವರ್ಸ್ ಪ್ರಾಕ್ಸಿ ಹೆಸರು ನೋಡಿ ಹಂಚುತ್ತದೆ. ರೂಟರ್‌ನಲ್ಲಿ ನಾನು ನೋಡಿದ್ದು ಮುಖ್ಯವಾಗಿ ವಿಎಲ್ಯಾನ್ ಸೌಲಭ್ಯ. ಹೊರಗಿನವರು ಬಂದುಹೋಗುವ ಯಂತ್ರಗಳು ಮನೆಯವರ ಫೋನು, ಕಂಪ್ಯೂಟರಿನಿಂದ ಬೇರೆ ಇರಲೇಬೇಕು. ಜಗುಲಿಗೆ ಬಂದವರೆಲ್ಲ ಅಡುಗೆಮನೆಗೆ ಬರುವುದಿಲ್ಲವಲ್ಲ.

ಮಧ್ಯಮ ಬೆಲೆಯದೇ ತಂದೆ. ಜೋಡಿಸಿ ನೋಡಿದರೆ ಅದರ ಹೊರವಿಳಾಸ 100.72 ಎಂದು ಶುರುವಾಗುತ್ತಿತ್ತು! 100.64ರಿಂದ 100.127ರವರೆಗಿನದು ಕಂಪನಿಗಳು ಗ್ರಾಹಕರನ್ನು ಒಟ್ಟಾಗಿ ಒಂದು ವಿಳಾಸದ ಹಿಂದೆ ಕೂರಿಸಲೆಂದು 2012ರಲ್ಲಿ ತೆಗೆದಿಟ್ಟ ಪಟ್ಟಿ. ಹೊರಗಿನ ಯಾರೂ ಅಲ್ಲಿಗೆ ನೇರ ಬರಲಾರರು. ಎಂಥ ರೂಟರ್ ತಂದಿದ್ದರೂ ಅಷ್ಟೇ. ಮೊದಲು ಕೇಳಬೇಕಾದದ್ದನ್ನು ಕೊನೆಗೆ ಕೇಳಿದ್ದೆ. ಅರ್ಜಿ ಕೊಟ್ಟು, ತಿಂಗಳ ಬಾಡಿಗೆಗೆ ಸ್ಥಿರವಿಳಾಸ ಪಡೆದದ್ದಾಯಿತು.

ಆ ಹಿರಿಯರು ಬಂದರು. ನಮ್ಮನೆ ವೈಫೈನಿಂದ ತಾಣ ತೆರೆಯಲೇ ಇಲ್ಲ. ಒಳಗಿದ್ದುಕೊಂಡೇ ಹೊರವಿಳಾಸ ಕೇಳುವವರನ್ನು ತಿರುಗಿಸಿ ಒಳಗೆ ಕಳಿಸುವ ನ್ಯಾಟ್ ಲೂಪ್‌ಬ್ಯಾಕ್ ಎಂಬುದನ್ನು ಆನ್ ಮಾಡಿದೆ. ತಾಣ ತೆರೆಯಿತು. ಅವರು ಕನ್ನಡಕ ಏರಿಸಿಕೊಂಡು, ಪುಟ ದೊಡ್ಡದು ಮಾಡಿ, "ಇದು ಅಪ್ಪಯ್ಯನ ಅಕ್ಷರ" ಎಂದರು.