ಇಷ್ಟು ಸಲ ಬಾರ ಬೀಳತ್ತಾ?

ಲುಸೈಲ್‌ನಲ್ಲಿ ಗುರುವಾರ ರಾತ್ರಿಯೆಂದರೆ ವಾರ ಮುಗಿದಂತೆ. ಊರೆಲ್ಲ ಮರೀನಾ ದಂಡೆಯಲ್ಲಿ ಅಡ್ಡಾಡುವ ಹೊತ್ತಿನಲ್ಲಿ ನನ್ನ ಮಗಳು ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಹನ್ನೆರಡನೇ ತರಗತಿಯ ಪ್ರಾಜೆಕ್ಟ್. ಪೈಥಾನ್‌ನಲ್ಲಿ ಚೌಕಾಬಾರ ಮಾಡುತ್ತಾಳಂತೆ. "ಲೈಬ್ರರಿ ಮ್ಯಾನೇಜ್‌ಮೆಂಟ್ ಮಾಡೇ, ಮಾರ್ಕ್ಸ್ ಗ್ಯಾರಂಟಿ" ಎಂದುಬಿಟ್ಟೆ.

ಅದು ನನ್ನ ಮಾತಲ್ಲ. ತೊಂಬತ್ತರ ದಶಕದಲ್ಲಿ ಇಂಜಿನಿಯರಿಂಗ್ ಓದುವಾಗ ಟರ್ಬೋ ಸಿ ಬಳಸಿ ಕಾರಿನ ಆಟವೊಂದನ್ನು ಅರ್ಧ ಬರೆದಿದ್ದೆ. ಆಟ ಪ್ರಾಜೆಕ್ಟ್ ಆಗುವುದಿಲ್ಲವೆಂದು ಮೇಷ್ಟ್ರು ಹಾಳೆ ವಾಪಸು ಕೊಟ್ಟರು. ಪೇರೋಲ್ ಮಾಡಿ ಪಾಸಾದೆ. ಆ ಫ್ಲಾಪಿ ಎಲ್ಲಿ ಹೋಯಿತೋ.

ಅವರಿಗೆ ಹೇಳಬಹುದಾಗಿದ್ದ ಕಥೆ ನನಗೆ ಆಮೇಲೆ ಗೊತ್ತಾಯಿತು. 1961ರಲ್ಲಿ ಅಮೆರಿಕದ ಎಂಐಟಿಗೆ ಪಿಡಿಪಿ-1 ಎಂಬ ಕಂಪ್ಯೂಟರ್ ಕೊಡುಗೆಯಾಗಿ ಬಂತು. ಪಕ್ಕದಲ್ಲೊಂದು ದುಂಡನೆಯ ಪರದೆ. ಅದರ ಮೇಲೆ ಎರಡು ಗಗನನೌಕೆಗಳ ಕಾಳಗ ತೋರಿಸಬೇಕೆಂದು ಸ್ಟೀವ್ ರಸೆಲ್ ಮತ್ತು ಗೆಳೆಯರು ಯೋಜನೆ ಹಾಕಿದರು. ರಸೆಲ್ ಆಗ ಕೆಲಸದಲ್ಲಿದ್ದರು. ಜೊತೆಗೂಡಿದ ಅಲನ್ ಕೋಟೋಕ್, ಪೀಟರ್ ಸ್ಯಾಮ್ಸನ್ ವಿದ್ಯಾರ್ಥಿಗಳು. ಯೋಜನೆ ಬಾಯಲ್ಲೇ ಉಳಿಯಿತು. ಸೈನ್, ಕೊಸೈನ್ ಲೆಕ್ಕದ ಪ್ರೋಗ್ರಾಂ ಇಲ್ಲವಲ್ಲ ಎಂಬುದು ರಸೆಲ್ ಕೊಟ್ಟ ನೆಪ. ಕೋಟೋಕ್ ಯಂತ್ರ ತಯಾರಿಸಿದ ಕಂಪನಿಗೇ ಹೋಗಿ ಆ ಪ್ರೋಗ್ರಾಮಿನ ಕಾಗದದ ಟೇಪು ತಂದು ಮುಂದಿಟ್ಟರು. ನೆಪ ಮುಗಿಯಿತು, 1962ರಲ್ಲಿ 'ಸ್ಪೇಸ್‌ವಾರ್' ಆಟ ಸಿದ್ಧವಾಯಿತು.

ನನಗೆ ಇಷ್ಟವಾದದ್ದು ಅನಂತರದ ಭಾಗ. ಹಿನ್ನೆಲೆಯಲ್ಲಿ ರಸೆಲ್ ಮನಸ್ಸಿಗೆ ಬಂದಲ್ಲಿ ಚುಕ್ಕಿ ಚೆಲ್ಲಿದ್ದರು. ಸ್ಯಾಮ್ಸನ್‌ಗೆ ಅದು ಸಹಿಸಲಿಲ್ಲ. ಪಂಚಾಂಗದಂಥ ನಕ್ಷತ್ರಪಟ್ಟಿ ಹಿಡಿದು ನಿಜವಾದ ಆಕಾಶವನ್ನೇ ಪರದೆಗೆ ತಂದರು. ಡ್ಯಾನ್ ಎಡ್ವರ್ಡ್ಸ್ ನಡುವಿನ ಸೂರ್ಯನಿಗೆ ಗುರುತ್ವ ಕೊಟ್ಟರು. ನೌಕೆಗಳನ್ನು ಸೂರ್ಯ ಸೆಳೆಯುತ್ತಾನೆ, ಗುಂಡುಗಳನ್ನಲ್ಲ. ಅಷ್ಟೂ ಲೆಕ್ಕ ಮಾಡಲು ಯಂತ್ರಕ್ಕೆ ಪುರುಸೊತ್ತಿರಲಿಲ್ಲ. ಯಂತ್ರದ ಸ್ವಿಚ್ಚುಗಳನ್ನು ಒತ್ತಿ ಒತ್ತಿ ಮೊಣಕೈ ನೋವು ಬಂದಾಗ ಕೋಟೋಕ್ ಮತ್ತು ಬಾಬ್ ಸಾಂಡರ್ಸ್ ಕೈಯಲ್ಲಿ ಹಿಡಿಯುವ ಪೆಟ್ಟಿಗೆಗಳನ್ನು ಮಾಡಿದರು. ಪೇರೋಲ್ ಬರೆದು ನಾನು ಇಷ್ಟು ಕಲಿತಿರಲಿಲ್ಲ.

ಆ ವಾರ ಮೈಸೂರಿನಿಂದ ಅಮ್ಮ ವಿಡಿಯೋ ಕರೆಯಲ್ಲಿ ಮೊಮ್ಮಗಳ ಆಟ ನೋಡಿದರು. ಐದೈದರ ಮನೆ, ಕಟ್ಟೆಗಳು, ಕಾಯಿ, ಎಲ್ಲ ಸರಿಯಿತ್ತು.

"ಇದೇನೇ, ಇಷ್ಟು ಸಲ ಬಾರ ಬೀಳತ್ತಾ?"

"ಅಜ್ಜಿ, ಅದು ರ‍್ಯಾಂಡಮ್."

"ಅದೇನೋ ಕಾಣೆ. ಕವಡೆ ಹಾಗೆ ಬೀಳಲ್ಲ."

ಅಮ್ಮ ಓದಿದ್ದು ಏಳನೇ ಕ್ಲಾಸು. ತಪ್ಪು ಹಿಡಿದದ್ದು ಅವರೇ. ಒಂದು, ಎರಡು, ಮೂರು, ಚೌಕ, ಬಾರ: ಈ ಐದರಲ್ಲಿ ಒಂದನ್ನು ಸಮನಾಗಿ ಆರಿಸುವಂತೆ ಮಗಳು ಬರೆದಿದ್ದಳು. ಹಾಗಾದರೆ ಐದಕ್ಕೊಂದು ಬಾರ. ನಾಲ್ಕು ಕವಡೆಯನ್ನು ಬೇರೆಬೇರೆಯಾಗಿ ಎಸೆದಂತೆ ಲೆಕ್ಕ ಹಾಕಿ, ಪ್ರತಿಯೊಂದೂ ಬಾಯಿ ಮೇಲಾಗಿ ಬೀಳುವುದು ಅರ್ಧಕ್ಕರ್ಧವೆಂದರೂ, ನಾಲ್ಕೂ ಬೋರಲು ಬೀಳುವುದು ಹದಿನಾರಕ್ಕೊಂದು ಸಲ. ಎರಡು ಬೀಳುವುದು ಹದಿನಾರಕ್ಕೆ ಆರು.

ಕವಡೆ ನಾಣ್ಯವಲ್ಲ, ಅರ್ಧಕ್ಕರ್ಧವೂ ಅಲ್ಲ ಎಂದು ಅನುಮಾನ ಬಂದು ದೇವರ ಮನೆಯ ನಾಲ್ಕು ಕವಡೆ ತಂದು ನಡುಮನೆಯಲ್ಲಿ ಕೂತಳು. ನಾನು ಗೀಟು ಹಾಕಿ ಎಣಿಸುತ್ತಾ ಹೋದೆ. ಮರೀನಾ ದೀಪಗಳು ಆರುವವರೆಗೂ ಎಸೆದಳು.

ಮುಂದಿನ ಗುರುವಾರ ಅಮ್ಮ ಮತ್ತೆ ಆಡಿದರು. ಮೂರು ಕಾಯಿ ಹಣ್ಣಾಗುವವರೆಗೆ ಒಂದೇ ಒಂದು ಬಾರ ಬಿತ್ತು.

"ಈಗ ಕವಡೆ ಥರ ಇದೆ," ಎಂದವರೇ ಮೊಮ್ಮಗಳ ಕಾಯಿ ಕಡಿದರು.