ರಾಧಿಕಾಸಾಂತ್ವನದ ವಿಚಾರಣೆ

ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿಯೆಂಬ ಗಣಿಕೆ ಹದಿನೆಂಟನೆಯ ಶತಮಾನದ ನಡುಗಾಲದಲ್ಲಿ 'ರಾಧಿಕಾಸಾಂತ್ವನ'ವೆಂಬ ತೆಲುಗು ಶೃಂಗಾರಕಾವ್ಯವನ್ನು ರಚಿಸಿದಳು. ತಾನೇ ಸಾಕಿ ಬೆಳೆಸಿದ ಇಳೆಯೆಂಬ ಕನ್ಯೆಯನ್ನು ಕೃಷ್ಣನಿಗೆ ಕೊಟ್ಟು ಮದುವೆಮಾಡಿದ ರಾಧೆ, ಅನಂತರ ವಿರಹದಿಂದಲೂ ಅಸೂಯೆಯಿಂದಲೂ ಬೇಯುತ್ತಿರಲು, ಕೃಷ್ಣನು ಬಂದು ಅವಳನ್ನು ಸಂತೈಸುವುದೇ ಅದರ ಕಥಾವಸ್ತು. ಈ ರಾಧೆ ಮೌನವಾಗಿ ಕಾದು ಕುಳಿತಿರುವವಳಲ್ಲ. ತನ್ನ ಬಯಕೆಯನ್ನು ತಾನೇ ಬಾಯಿಬಿಟ್ಟು ಹೇಳಬಲ್ಲವಳು. ಕವಯಿತ್ರಿಯಾದರೂ ತನ್ನ ಕುಲವನ್ನು ಹೇಳಿಕೊಳ್ಳುವಲ್ಲಿ ಅಜ್ಜಿ ತಂಜನಾಯಕಿಯ ಹೆಸರನ್ನು ಸಂಕೋಚವಿಲ್ಲದೆ ಸ್ಮರಿಸುತ್ತಾಳೆ. ಆಂಡಾಳಿನ ತಿರುಪ್ಪಾವೈಯನ್ನು ತೆಲುಗಿಗೆ ತಂದವಳೂ ಇವಳೇ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇವಳನ್ನು ದೂಷಿಸಿದವರು ಆ ಸಂಗತಿಯನ್ನು ಅಷ್ಟಾಗಿ ಎತ್ತಲಿಲ್ಲ.

ದೂಷಿಸಿದವರಲ್ಲಿ ಮೊದಲಿಗರು ಕಂದುಕೂರಿ ವೀರೇಶಲಿಂಗಂ ಪಂತುಲು. ಅವರು ಸಾಮಾನ್ಯರಲ್ಲ. 1881ರಲ್ಲಿ ರಾಜಮಹೇಂದ್ರಿಯಲ್ಲಿ, ಊರವರ ಬಹಿಷ್ಕಾರಕ್ಕೆ ಅಂಜದೆ ವಿಧವಾವಿವಾಹವನ್ನು ನಡೆಸಿದ ಧೀರರು. ತೆಲುಗು ಕವಿಗಳ ಚರಿತ್ರೆಯನ್ನು ಬರೆಯುವಾಗ ಅವರು ಮುದ್ದುಪಳನಿಯ ಪಾಂಡಿತ್ಯವನ್ನು ಒಪ್ಪಿದರೂ, ಕರ್ತೃವಿನ ವೃತ್ತಿಯನ್ನು ಮುಂದಿಟ್ಟುಕೊಂಡೇ ಕಾವ್ಯವನ್ನು ತೂಗಿ, ಹೆಂಗಸಿನ ಬಾಯಿಂದ ಬರುವುದಿರಲಿ, ಹೆಂಗಸಿನ ಕಿವಿಗೂ ಬೀಳಬಾರದಂಥ ಭಾಗಗಳು ಅದರಲ್ಲಿವೆಯೆಂದು ತೀರ್ಮಾನಿಸಿದರು. ನೀಚನಾದವನು ಆಡಿದ್ದರೆ ಗಾಳಿಗೆ ಹೋಗುತ್ತಿದ್ದ ಮಾತು ಸತ್ಪುರುಷರ ಲೇಖನಿಯಿಂದ ಬಂದುದರಿಂದಲೇ ಶಾಸನದಂತೆ ನಿಂತಿತೆಂದು ನನಗೆ ತೋರುತ್ತದೆ.

ಅದಕ್ಕೆ ಉತ್ತರ ಹೊರಟದ್ದು ನಮ್ಮ ಸೀಮೆಯ ಹೆಣ್ಣುಮಗಳಿಂದ. 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿಯ ಮಗಳಾಗಿ ಹುಟ್ಟಿ, ಮೈಸೂರಿನಲ್ಲಿ ಸಂಸ್ಕೃತವನ್ನೂ ಬೆಂಗಳೂರಿನಲ್ಲಿ ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದ ಮುನಿಸ್ವಾಮಪ್ಪನವರಲ್ಲಿ ಸಂಗೀತವನ್ನೂ ಅಭ್ಯಾಸಮಾಡಿ, ಮದರಾಸಿನಲ್ಲಿ ನೆಲಸಿ ಕೀರ್ತಿವಂತರಾದ ಬೆಂಗಳೂರು ನಾಗರತ್ನಮ್ಮನವರು ಈ ಕಾವ್ಯವನ್ನು ಹುಡುಕಿಸಿ ತರಿಸಿದರು. ಮೊದಲು ಸಿಕ್ಕ ಅಚ್ಚಿನ ಪ್ರತಿಯಲ್ಲಿ ಲೋಪಗಳಿರುವುದನ್ನು ಕಂಡು, ಹಸ್ತಪ್ರತಿಯನ್ನು ಸಂಪಾದಿಸಿ, ಪಾಠವನ್ನು ತಿದ್ದಿ, 1910ರಲ್ಲಿ ವಾವಿಳ್ಳ ಸಂಸ್ಥೆಯ ಮೂಲಕ ಪ್ರಕಟಿಸಿದರು. ಅದರ ಪೀಠಿಕೆಯಲ್ಲಿ ಅವರೆತ್ತಿದ ಪ್ರಶ್ನೆ ನೇರವಾದುದು: ಲಜ್ಜೆಯೆಂಬುದು ಹೆಂಗಸರಿಗೆ ಮಾತ್ರ ಸಲ್ಲುವ ಗುಣವೋ, ಗಂಡಸರಿಗೂ ಸಲ್ಲುವುದೋ? ಇದಕ್ಕಿಂತಲೂ ಹೆಚ್ಚಿನ ಶೃಂಗಾರವುಳ್ಳ ಪುರುಷರ ಕಾವ್ಯಗಳು ಪಂಡಿತಮಾನ್ಯವಾಗಿರಲಿಲ್ಲವೇ? ದೇವದಾಸಿಯೊಬ್ಬಳು ವೈಷ್ಣವಭಕ್ತನನ್ನು ಮೋಹಗೊಳಿಸುವ ಕಥೆಯ 'ವೈಜಯಂತೀವಿಲಾಸ'ವನ್ನು ಸ್ವತಃ ಪಂತುಲು ಅವರೇ ಪರಿಷ್ಕರಿಸಿದ್ದುದನ್ನೂ ಎತ್ತಿ ತೋರಿಸದೆ ಬಿಡಲಿಲ್ಲ.

ಮದರಾಸು ಸರಕಾರ ಈ ವಾದಕ್ಕೆ ಕಿವಿಗೊಡಲಿಲ್ಲ. ಪುಸ್ತಕ ಅಶ್ಲೀಲವೆಂಬ ದೂರಿನ ಮೇಲೆ ಪ್ರತಿಗಳನ್ನು ಜಪ್ತಿಮಾಡಿತು. ನಿಷೇಧ ತೆರವಾದುದು ಟಂಗುಟೂರಿ ಪ್ರಕಾಶಂ ಅವರು ಮದರಾಸಿನ ಪ್ರಧಾನಿಗಳಾದ ಮೇಲೆ. ಇತ್ತ ಮೈಸೂರು ಸರಕಾರವೂ 1909ರಲ್ಲಿ ದೇವದಾಸಿಯರ ನಡತೆಯನ್ನೇ ಕಾರಣವಾಗಿ ಮುಂದೊಡ್ಡಿ ಮುಜರಾಯಿ ದೇವಸ್ಥಾನಗಳ ಸೇವೆಯಿಂದ ಅವರನ್ನು ಹೊರಗಿಟ್ಟಿತ್ತು. ನಾಗರತ್ನಮ್ಮನವರ ಹುಟ್ಟೂರಿನ ಶ್ರೀಕಂಠೇಶ್ವರನ ಸನ್ನಿಧಿಗೂ ಆ ಆಜ್ಞೆ ಅನ್ವಯಿಸುತ್ತಿತ್ತು. ಆದರೆ ದೇವದಾಸಿಯರು ಹಾಡುತ್ತಿದ್ದ ಪದ ಜಾವಳಿಗಳಾಗಲಿ, ಆಡುತ್ತಿದ್ದ ನಾಟ್ಯವಾಗಲಿ ದೇಶಕ್ಕೆ ಬೇಡವಾಗಲಿಲ್ಲ. ಕೆಲವೇ ದಶಕಗಳಲ್ಲಿ ಕುಲೀನರ ಮನೆಯ ಕನ್ಯೆಯರು ಅವನ್ನೇ ಸಭೆಗಳಲ್ಲಿ ಪ್ರದರ್ಶಿಸತೊಡಗಿದರು. ಕಲೆಯನ್ನು ಕಲಾವಿದರಿಂದ ಬೇರ್ಪಡಿಸಬಹುದೇ ಎಂದು ಪಂಡಿತರು ಚರ್ಚಿಸುತ್ತಿರುವಾಗಲೇ ಲೋಕವು ಆ ಕೆಲಸವನ್ನು ತನಗೆ ಅನುಕೂಲವಾದ ರೀತಿಯಲ್ಲಿ ಮಾಡಿ ಮುಗಿಸಿತ್ತು.

ತಿರುವೈಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಸ್ಥಳವನ್ನು ಕೊಂಡು, ತಮ್ಮ ಗಳಿಕೆಯನ್ನೆಲ್ಲ ಸುರಿದು, 1920ರ ದಶಕದಲ್ಲಿ ಅಲ್ಲಿ ಮಂದಿರವನ್ನು ಪ್ರತಿಷ್ಠಿಸಿದವರು ಇದೇ ನಾಗರತ್ನಮ್ಮನವರು. ಆದರೂ ಅಲ್ಲಿ ನಡೆಯುತ್ತಿದ್ದ ತ್ಯಾಗರಾಜರ ಆರಾಧನೆಯಲ್ಲಿ ಹಾಡಲು ಸ್ತ್ರೀಯರಿಗೆ ಅವಕಾಶವಿರಲಿಲ್ಲ. ಅವರು ಸ್ತ್ರೀಯರದೇ ಒಂದು ಪಕ್ಷವನ್ನು ಕಟ್ಟಿ ಪ್ರತ್ಯೇಕವಾಗಿ ಹಾಡಿಸಬೇಕಾಯಿತು.

ಇಷ್ಟೆಲ್ಲ ಆದಮೇಲೂ ಅವರು ನೀತಿಯ ಗೊಡವೆ ಕಲೆಗೆ ಬೇಡವೆಂದು ವಾದಿಸಿದವರಲ್ಲವೆಂಬುದು ವಿಚಾರಾರ್ಹವಾದ ಸಂಗತಿ. ರಾಧಿಕಾಸಾಂತ್ವನವನ್ನು ಅವರು ಮೆಚ್ಚಿದ್ದು ರಸವತ್ತಾದ ಕೃಷ್ಣಕಾವ್ಯವೆಂದೇ. 1920ರ ದಶಕದ ಕೊನೆಯಲ್ಲಿ ದೇವದಾಸೀಪದ್ಧತಿಯ ನಿಷೇಧಕ್ಕೆ ಮಸೂದೆ ಬಂದಾಗ ಮದರಾಸಿನ ದೇವದಾಸಿಯರು ಮಾಡಿಕೊಂಡ ಮನವಿಯೂ, ತಾವು ವೇಶ್ಯೆಯರಲ್ಲ, ಕಲೆಗೂ ದೇವರಿಗೂ ಮೀಸಲಾದವರು ಎಂಬ ಭೇದವನ್ನೇ ಆಧಾರವಾಗಿ ಹಿಡಿದಿತ್ತು. ನಾಗರತ್ನಮ್ಮನವರು ಆ ಪಕ್ಷದ ಮುಂದಾಳುಗಳಲ್ಲೊಬ್ಬರು. ಎಂದರೆ ಎರಡು ಪಕ್ಷದವರೂ ಶೀಲದ ಅಳತೆಯನ್ನು ಒಪ್ಪಿದ್ದರು. ಅದನ್ನು ಯಾರಿಗೆ ಹಿಡಿಯಬೇಕೆಂಬಲ್ಲಿ ಮಾತ್ರ ವ್ಯಾಜ್ಯ. 1947ರ ಮದರಾಸಿನ ಕಾಯಿದೆ ಎಳೆಯ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿಯನ್ನು ನಿಲ್ಲಿಸಿತು, ನಿಲ್ಲಿಸಬೇಕಾದುದೇ ನ್ಯಾಯವೆಂದು ನಾನೂ ಒಪ್ಪುವೆನು. ಆದರೆ ಆ ನ್ಯಾಯವನ್ನು ಇನ್ನೂರು ವರ್ಷ ಹಿಂದಕ್ಕೆ ಕೊಂಡೊಯ್ದು ಮುದ್ದುಪಳನಿಯ ಪದ್ಯಗಳಿಗೆ ಹಚ್ಚಲು ನನ್ನ ಮನಸ್ಸು ಒಡಂಬಡುವುದಿಲ್ಲ.